ಮಗಳಿಗೆ ರಜಾ, ಸೊಸೆಗೆ ವಜಾ

ಮಾರ್ಚ್ 4, ಸೋಮವಾರ

ಇವತ್ತು ಮನೆಯಲ್ಲಿ ಇಬ್ಬರು ಒಟ್ಟಿಗೆ ಅತ್ತರು. ಇಬ್ಬರೂ ನನ್ನ ಮುಖ ನೋಡಿಯೇ ಶುರು ಮಾಡಿದ್ದು. ಬಸ್ಸಿನ ಕಂಡಕ್ಟರ್ ಆಗಿ ಕಂಡಕಂಡವರನ್ನೆಲ್ಲ ನಗಿಸಿದ ಮುಖ ಇದು, ಹಲ್ಲಿಲ್ಲದ ಎರಡು ಜೀವಗಳ ಮುಂದೆ ಸೋತುಹೋಯಿತು. ನನಗೂ ಹಲ್ಲಿಲ್ಲ. ಆ ಲೆಕ್ಕದಲ್ಲಿ ನಾವು ಮೂವರೂ ಒಂದೇ ಪಾರ್ಟಿ.

ಮಗನ ಮಗಳಿಗೆ ಹಾರನ್ ಎಂದು ಹೆಸರಿಟ್ಟಿದ್ದೇನೆ, ಕಾರಣ ಬೀದಿಗೆಲ್ಲ ಗೊತ್ತು. ಮಗಳ ಮಗ ಬ್ರೇಕು. ಇಟ್ಟಲ್ಲಿಂದ ಅಲ್ಲಾಡುವುದಿಲ್ಲ. ಹಾರನ್ ದೊಡ್ಡವಳು, ಆದರೆ ಒಂದು ತಿಂಗಳಿಗಷ್ಟೇ.

ಮಗಳು, ಅಳಿಯ ಮೇಲಿನ ಮಹಡಿಯಲ್ಲಿದ್ದಾರೆ. ಕೆಳಗೆ ನಾನು, ಮಗ, ಸೊಸೆ. ಮಗ ಲಾರಿ ಓಡಿಸುತ್ತಾನೆ, ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಮಗಳು ಎರಡು ಡಿಗ್ರಿ ಮಾಡಿ ವಿಮಾ ಕಂಪನಿಯಲ್ಲಿ ಆಫೀಸರಾಗಿದ್ದಾಳೆ. ಸೊಸೆ ಓದಿದ್ದು ಒಂಬತ್ತನೇ ಕ್ಲಾಸು. ಔಷಧಿ ಕಾರ್ಖಾನೆಯಲ್ಲಿ ಇಂಜೆಕ್ಷನ್ ಸೀಸೆಗಳನ್ನು ದೀಪಕ್ಕೆ ಎತ್ತಿ ಹಿಡಿದು, ಒಳಗೆ ಕಸ, ಕೂದಲು, ಗಾಜಿನ ಚೂರು ಇದೆಯೇ ಎಂದು ನೋಡುವ ಕೆಲಸ ಮಾಡುತ್ತಿದ್ದಳು. ಯಾರಾದರೂ ಕೇಳಿದರೆ ಅವಳಿಗಿಂತ ಮೊದಲು ನಾನೇ ಹೇಳುತ್ತಿದ್ದೆ: ಸೊಸೆ ಸೀಸೆ ನೋಡ್ತಾಳೆ, ಸೀಸೆ ಖಾಲಿ ಮಾಡೋದು ನಾನು ನೋಡ್ಕೋತೀನಿ.

ಹೊಟ್ಟೆ ಕಾಣಿಸಿಕೊಂಡಾಗ ಅವಳ ಹೆಸರು ತೆಗೆದರು. ಕಂಟ್ರಾಕ್ಟಿನ ಹೆಂಗಸರಿಗೆ ಅಲ್ಲಿ ಅದೇ ಪದ್ಧತಿಯಂತೆ. ಐದನೇ ತಿಂಗಳಿಗೆ ಮನೆಗೆ ನಡಿ, ಹೆತ್ತ ಮೇಲೆ ಯಾವುದಾದರೂ ಸೀಟು ಖಾಲಿಯಾದರೆ ಫೋನು ಮಾಡುತ್ತೇವೆ, ಅಷ್ಟೇ. ಮಗಳಿಗೆ ಮಾತ್ರ ಸಂಬಳದ ಸಮೇತ ರಜೆ, ಮೇಲೆ ಆಫೀಸಿನವರಿಂದ ಒಂದು ಹೂಗುಚ್ಛ. ಸಂಜೆ ಎಲ್ಲರೂ ಕೂತಿದ್ದಾಗ ಒಂದು ಡೈಲಾಗು ಹೊಡೆದೆ: "ಮಗಳಿಗೆ ರಜಾ, ಸೊಸೆಗೆ ವಜಾ, ನನಗೆ ಮಜಾ." ಅಳಿಯನ ಬಾಯಿಂದ ಚಹಾ ಹೊರಗೆ ಬಂತು. ಮಗಳು ಗದರಿಸುತ್ತಲೇ ನಕ್ಕಳು. ಸೊಸೆ ಬಟ್ಟೆ ಮಡಿಚುತ್ತಿದ್ದಳು, ಕೇಳಿಸಲಿಲ್ಲವೇನೋ.

ಮಾರ್ಚ್ 6, ಬುಧವಾರ

ಮಗಳು ಹಾಲು ಕುಡಿಸುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಎತ್ತಿದೆ. ಯಾರ ಫೋನೇ ಆಗಲಿ, ಆ ಕಡೆಯವರು ಬಾಯಿ ತೆರೆಯುವ ಮೊದಲೇ ಗಂಟಲು ದಪ್ಪ ಮಾಡಿಕೊಂಡು ಶುರು ಮಾಡುವುದು ನನ್ನ ಚಾಳಿ. "ಸ್ಮಶಾನದ ಆಫೀಸು. ಇವತ್ತಿನ ಜಾಗವೆಲ್ಲ ಭರ್ತಿ. ದಯವಿಟ್ಟು ನಾಳೆ ಸಾಯಿರಿ."

ಅವಳ ಮೇಲಧಿಕಾರಿಯಂತೆ. ಕಟ್ ಮಾಡಿ ಮತ್ತೆ ಮಾಡಿದ. ಮತ್ತೆ ಸ್ಮಶಾನ. ಪುಣ್ಯಾತ್ಮ ಇನ್ನೊಮ್ಮೆ ಮಾಡಿದ. ಆಗ ಮಗಳೇ ಕಿತ್ತುಕೊಂಡಳು. ಆತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದನಂತೆ, ಆಫೀಸಿನಲ್ಲೆಲ್ಲ ಈಗ ನನ್ನದೇ ಸುದ್ದಿಯಂತೆ. ಆತ ಹೇಳಬೇಕಿದ್ದದ್ದು ಇಷ್ಟು: ರಜೆ ಮುಗಿದ ಮೇಲೂ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಬಹುದು, ನಿಮ್ಮ ಕುರ್ಚಿ ಎಲ್ಲೂ ಓಡಿಹೋಗುವುದಿಲ್ಲ.

ಮಗಳು ಓದಿದ್ದು ಸಾರ್ಥಕ. ಫೀಸು ಕಟ್ಟಿದವನು ನಾನು, ಆದ್ದರಿಂದ ಮೀಸೆ ತಿರುವುವ ಹಕ್ಕೂ ನನ್ನದು.

ಮಾರ್ಚ್ 10, ಭಾನುವಾರ

ಮುಂದಿನ ಗುರುವಾರ ಮಗಳು ಕೆಲಸಕ್ಕೆ ಹೋಗುತ್ತಾಳೆ. ಬ್ರೇಕನ್ನು ಯಾರು ನೋಡಿಕೊಳ್ಳುವುದು ಎಂದು ಸಭೆ ಸೇರಿತು. ಸಭೆ ಎಂದರೆ ಅದೂ ಇಲ್ಲ, ಮಗಳು ಮೆಟ್ಟಿಲು ಇಳಿಯುತ್ತಲೇ ತೀರ್ಮಾನ ಹಿಡಿದುಕೊಂಡು ಬಂದಳು. ಸೊಸೆ ಹೇಗೂ ಮನೆಯಲ್ಲೇ ಇರುತ್ತಾಳೆ, ಒಂದನ್ನು ನೋಡಿಕೊಳ್ಳುವವಳಿಗೆ ಎರಡೇನೂ ಹೆಚ್ಚಲ್ಲ, ಸುಮ್ಮನೆ ಬೇಡ, ತಿಂಗಳಿಗೆ ಇಷ್ಟು ಎಂದು ಕೊಡುತ್ತೇನೆ. ಅಳಿಯ ತಲೆಯಾಡಿಸಿದ. ಅಳಿಯ ಅಲ್ಲ ಮಗಳ ಗಂಡ ಎನ್ನುವ ಗಾದೆಯನ್ನು ಇವನನ್ನು ನೋಡಿಯೇ ಮಾಡಿರಬೇಕು, ಹೆಂಡತಿಯ ಮಾತಿಗೆ ತಾಳ ಬಿಟ್ಟರೆ ಬೇರೆ ವಾದ್ಯ ಗೊತ್ತಿಲ್ಲ.

ನನಗೂ ಖುಷಿಯಾಯಿತು. ದುಡ್ಡು ಮನೆಯಲ್ಲೇ ಉಳಿಯಿತು, ಮಗುವೂ ಮನೆಯಲ್ಲೇ ಉಳಿಯಿತು.

ಸೊಸೆ, "ಆಗ್ಲಿ ಅತ್ತಿಗೆ, ಫ್ಯಾಕ್ಟರಿಯಿಂದ ಫೋನ್ ಬರೋವರ್ಗೂ ನೋಡ್ಕೋತೀನಿ" ಎಂದಳು. ಬಂದಾಗ ನೋಡೋಣ ಎಂದಳು ಮಗಳು. ಫೋನೊಂದು ಆ ಹುಡುಗಿಗೆ ಹುಚ್ಚು ಹಿಡಿಸಿದೆ. ಕಂಕುಳಲ್ಲಿ ಮಗು, ಮುಷ್ಟಿಯಲ್ಲಿ ಫೋನು. ಪಾತ್ರೆ ತೊಳೆಯುವಾಗ ಕಿಟಕಿಯ ಮೇಲೆ, ಬಟ್ಟೆ ಒಣಗಿಸುವಾಗ ಬಾಯಲ್ಲಿ ಕ್ಲಿಪ್ಪಿನ ಜೊತೆಗೆ ಅದೂ ಇರುತ್ತದೆಯೋ ಏನೋ.

ಮಾರ್ಚ್ 12, ಮಂಗಳವಾರ

ಸೊಸೆ ಹಾರನ್‌ಗೆ ಸ್ನಾನ ಮಾಡಿಸುತ್ತಿದ್ದಳು. ಅವಳ ಫೋನು ಹಾಲಿನಲ್ಲಿ ಚಾರ್ಜಿಗೆ ಹಾಕಿತ್ತು, ಬಡಿದುಕೊಂಡಿತು. ಬಿಡುತ್ತೇನೆಯೇ? ಸ್ಮಶಾನದ ಆಫೀಸು, ಜಾಗವಿಲ್ಲ, ನಾಳೆ ಸಾಯಿರಿ. ಆ ಕಡೆ ಯಾವುದೋ ಹೆಂಗಸಿನ ಉಸಿರು ಕೇಳಿಸಿತು, ಹಿಂದೆ ಮಷೀನಿನ ಸದ್ದು. ಕಟ್. ಮತ್ತೆ ಬರಲಿಲ್ಲ. ಹೆದರಿ ಚಾದರ ಹೊದ್ದುಕೊಂಡಿರಬೇಕು.

ಸೊಸೆ ಒದ್ದೆ ಕೈಯಲ್ಲೇ ಓಡಿಬಂದು ಫೋನು ಬಡಿಯಿತೇ ಎಂದಳು. ಸ್ಮಶಾನದಿಂದ ಎಂದೆ. ತೆಗೆದು ನೋಡಿದಳು. ಎತ್ತಿದ ಕರೆ ತಪ್ಪಿದ ಕರೆಯ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಏನೂ ಕಾಣದೆ ಇಟ್ಟುಬಿಟ್ಟಳು.

ಬೆಳಗಿನ ಬೋಣಿ ಚೆನ್ನಾಗಿತ್ತು.

ಮಾರ್ಚ್ 15, ಶುಕ್ರವಾರ

ಮಗಳು ನಿನ್ನೆಯಿಂದ ಕೆಲಸಕ್ಕೆ. ಹೊಸ ಬೂಟು, ಹಳೆಯ ಗತ್ತು. ಬಾಗಿಲಲ್ಲಿ ಮಗುವನ್ನು ಸೊಸೆಯ ಕೈಗೆ ಕೊಡುವಾಗ ಕಣ್ಣು ತುಂಬಿಕೊಂಡಳು. ಹಾಲು, ಬಟ್ಟೆ, ನಿದ್ದೆ ಎಲ್ಲ ಮೂರು ಮೂರು ಸಲ ಹೇಳಿದಳು. ಸೊಸೆ ತಾನೂ ತಾಯಿ ಎಂದು ನೆನಪಿಸಲಿಲ್ಲ.

ಒಂದು ಮಲಗಿದರೆ ಇನ್ನೊಂದು ಏಳುತ್ತದೆ. ಶಿಫ್ಟ್ ಬದಲಾಯಿಸುವ ಡ್ರೈವರ್‌ಗಳ ಹಾಗೆ. ನಾನು ಪಕ್ಕದಲ್ಲಿ ಕೂತು ಪೇಪರಿನಿಂದ ಗಾಳಿ ಹಾಕಿ ಭಾರೀ ಸಹಾಯ ಮಾಡಿದೆ.

ಮಾರ್ಚ್ 18, ಸೋಮವಾರ

ಸಂಜೆ ಸೊಸೆಯ ಗೆಳತಿ ಬಂದಿದ್ದಳು. ಕಾರ್ಖಾನೆಯ ದೀಪದ ಸಾಲಿನಲ್ಲಿ ಇವಳ ಪಕ್ಕದಲ್ಲೇ ಕೂರುತ್ತಿದ್ದವಳು. ನಾನು ಇಟ್ಟ ಹೆಸರು ಪಕ್ಕದ ಸೀಟು. ಬಂದವಳೇ ಸೊಸೆಯ ಮೇಲೆ ರೇಗಿದಳು. ಸೂಪರ್‌ವೈಸರ್ ಮೇಡಂ ಹತ್ತಿರ ಹತ್ತು ಸಲ ಹೇಳಿ ನಿನ್ನ ಹೆಸರು ಮುಂದೆ ಹಾಕಿಸಿದ್ದೆ, ಸೀಟು ಖಾಲಿಯಾದ ದಿನವೇ ಮೇಡಂ ಫೋನು ಮಾಡಿದರು, ನೀನು ಬರಲೇ ಇಲ್ಲವಲ್ಲ ಎಂದು.

ಯಾವಾಗ ಮಾಡಿದ್ರು ಎಂದಳು ಸೊಸೆ.

"ಹೋದ ಮಂಗಳವಾರ ಕಣೇ. ಯಾರೋ ಗಂಡಸು ಎತ್ತಿ ಸ್ಮಶಾನ, ಜಾಗ ಇಲ್ಲ ಅಂದ್ನಂತೆ. ರಾಂಗ್ ನಂಬರ್ ಅಂತ ಮೇಡಂ ಮುಂದಿನವಳಿಗೆ ಮಾಡಿದ್ರು. ಅವ್ಳು ಬಂದು ಕೂತೂ ಆಯ್ತು."

ಸೊಸೆ ನನ್ನ ಕಡೆ ತಿರುಗಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೋಡಿದಳು, ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಆಮೇಲೆ ಎದ್ದುಹೋಗಿ ಬ್ರೇಕಿನ ಒದ್ದೆ ಬಟ್ಟೆ ಬದಲಾಯಿಸಿದಳು.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಮಾರ್ಚ್ 19, ಮಂಗಳವಾರ

ಮಗಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಮೊದಲು ಅಯ್ಯೋ ಎಂದಳು. ಆಮೇಲೆ ಬೂಟು ಬಿಚ್ಚುತ್ತಾ, "ಹೋಗ್ಲಿ ಬಿಡಪ್ಪ, ಒಂಥರಾ ಒಳ್ಳೇದೇ ಆಯ್ತು. ಮಗು ಅವಳಿಗೆ ಒಗ್ಗಿಕೊಂಡಿದೆ" ಎಂದಳು.

ನನ್ನ ಮಗಳು. ಯಾರ ಮನಸ್ಸನ್ನೂ ನೋಯಿಸದ ಹುಡುಗಿ. ಅವಳ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ದಣಿವಿತ್ತು, ನೆಮ್ಮದಿಯಿತ್ತು. ಆ ನೆಮ್ಮದಿಯನ್ನು ನೋಡಲಾರದೆ ಅವಳ ಬೂಟು ಎತ್ತಿ ಬಾಗಿಲ ಪಕ್ಕದಲ್ಲಿಟ್ಟೆ.

ಒಂದೇ ಮಾತು, ಒಂದೇ ಗಂಟಲು, ಎರಡು ಫೋನು. ಒಬ್ಬರು ಮೂರು ಸಲ ಮಾಡಿ ನಕ್ಕರು. ಇನ್ನೊಬ್ಬರು ಒಂದೇ ಸಲ ಮಾಡಿ ಮುಂದಕ್ಕೆ ಹೋದರು. ಬೆಳಗಿನಿಂದ ಇದನ್ನೇ ಮಗುಚಿ ಹಾಕುತ್ತಿದ್ದೇನೆ, ನಗುವಂಥದ್ದು ಇದರಲ್ಲಿ ಎಲ್ಲೂ ಸಿಗುತ್ತಿಲ್ಲ.

ಮಾರ್ಚ್ 20, ಬುಧವಾರ

ಯಾರಿಗೂ ಹೇಳದೆ ಕಾರ್ಖಾನೆಗೆ ಹೋದೆ. ಕಾವಲಿನವನು ನನ್ನ ಬಸ್ಸಿನ ಹಳೆಯ ಗಿರಾಕಿ, ಒಳಗೆ ಬಿಟ್ಟ. ಉದ್ದನೆಯ ಗಾಜಿನ ಗೋಡೆ, ಅದರಾಚೆ ಕತ್ತಲೆ ಕೋಣೆ. ಸಾಲಾಗಿ ಹೆಂಗಸರು, ಒಬ್ಬೊಬ್ಬರ ಮುಂದೆಯೂ ಒಂದೊಂದು ದೀಪದ ಪೆಟ್ಟಿಗೆ, ಅದರೊಳಗೆ ಅರ್ಧ ಕರಿ ಹಲಗೆ, ಅರ್ಧ ಬಿಳಿ. ಸೀಸೆ ಎತ್ತುತ್ತಾರೆ, ತಲೆಕೆಳಗು ಮಾಡುತ್ತಾರೆ, ಕರಿಯ ಮುಂದೆ, ಬಿಳಿಯ ಮುಂದೆ, ಕೆಳಗೆ. ತಲೆಗೆ ಟೋಪಿ, ಬಾಯಿಗೆ ಬಟ್ಟೆ. ಕಣ್ಣು ಬಿಟ್ಟರೆ ಏನೂ ಕಾಣುವುದಿಲ್ಲ. ನನ್ನ ಸೊಸೆ ಇಲ್ಲಿ ಕೂತಿದ್ದಳು. ಮದುವೆಯಾದಾಗಿನಿಂದ ದಿನಾ ಇಲ್ಲಿಂದಲೇ ಮನೆಗೆ ಬರುತ್ತಿದ್ದಳು, ಒಂದು ದಿನವೂ ಅದು ಎಂಥ ಕೋಣೆ ಎಂದು ನಾನು ಕೇಳಿದವನಲ್ಲ.

ಸೂಪರ್‌ವೈಸರ್ ಮೇಡಂ ನನ್ನ ಮಗಳ ವಯಸ್ಸಿನವಳು. ಸ್ಮಶಾನದವನು ನಾನೇ ಎಂದೆ, ಕೈ ಮುಗಿದೆ, ಸೊಸೆಯ ತಪ್ಪಿಲ್ಲ, ದಯವಿಟ್ಟು ಆ ಸೀಟು ಅವಳಿಗೆ ಕೊಡಿ ಎಂದೆ. ಆಕೆಗೆ ಕೋಪವೂ ಬರಲಿಲ್ಲ, ನಗುವೂ ಬರಲಿಲ್ಲ. ಸೀಟು ಹೋಗಿದ್ದು ನಿಮ್ಮ ಜೋಕಿನಿಂದ ಅಂದ್ಕೊಂಡ್ರಾ ಎಂದಳು.

"ಫೋನ್ ಸ್ವಿಚ್ ಆಫ್ ಆಗಿದ್ರೂ ಇಷ್ಟೇ ತಾತ, ಮಗು ಅಳ್ತಾ ಕೇಳಿಸ್ದೇ ಹೋಗಿದ್ರೂ ಇಷ್ಟೇ. ನಾನು ಎರಡನೇ ಸಲ ಮಾಡಲ್ಲ. ಸೀಟು ಖಾಲಿ ಇದ್ರೆ ಮೇಲಿನವರು ಆ ದಿನವೇ ನನ್ನನ್ನ ಕೇಳ್ತಾರೆ."

ಸೊಸೆ ಹತ್ತನೇ ಕ್ಲಾಸು ಪಾಸಾಗಿದ್ದರೆ ಲೆಕ್ಕ ಬರೆಯುವ ವಿಭಾಗಕ್ಕೆ ಹಾಕಬಹುದಿತ್ತಂತೆ. ಅದು ಕಂಟ್ರಾಕ್ಟಿನದಲ್ಲ, ಕಂಪನಿಯದೇ ಕೆಲಸ, ಹೆತ್ತರೂ ಕುರ್ಚಿ ಇರುತ್ತದೆ. ಈಗ ಒಂದೇ ದಾರಿ. ಬೆಳಿಗ್ಗೆ ಗೇಟಿನಲ್ಲಿ ನಿಲ್ಲಬೇಕು. ಒಳಗಿನವರು ಯಾರಾದರೂ ಬರದೆ ಹೋದರೆ ನಿಂತವರಲ್ಲಿ ಒಬ್ಬರನ್ನು ಕರೆಯುತ್ತಾರೆ.

ಹೊರಗೆ ಬರುವಾಗ ನೋಡಿದೆ. ಗೋಡೆಗೆ ಒರಗಿ ಏಳೆಂಟು ಹೆಂಗಸರು ಆಗಲೂ ನಿಂತಿದ್ದರು. ಎಲ್ಲರ ಕಣ್ಣೂ ಗೇಟಿನ ಮೇಲೆ. ನಾನು ಹೊರಗೆ ಬಂದೆನಲ್ಲ, ಒಬ್ಬಳು ಆಸೆಯಿಂದ ನನ್ನನ್ನೇ ನೋಡಿದಳು, ಯಾವುದೋ ಸೀಟು ಬಿಟ್ಟು ಬಂದವನೇನೋ ಎಂಬಂತೆ.

ಮಾರ್ಚ್ 22, ಶುಕ್ರವಾರ

ಸೊಸೆಗೆ ಹೇಳಿದೆ: ಗೇಟಿಗೆ ಹೋಗು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ನಾಲ್ಕು ದಿನಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು.

"ನಮ್ಮಮ್ಮ ಮನೆ ಕೆಲಸಕ್ಕೆ ಹೋಗ್ತಿದ್ಳು ಮಾವ. ತಮ್ಮನ್ನ ನೋಡ್ಕೊಳ್ಳೋರು ಇಲ್ಲ ಅಂತ ಒಂಬತ್ತಕ್ಕೇ ನನ್ನ ಶಾಲೆ ಬಿಡಿಸಿದ್ಳು. ಅಮ್ಮ ಹೋಗ್ತಿದ್ದಿದ್ದು ಒಬ್ಬರು ಟೀಚರ್ ಮನೆಗೆ. ಅವ್ರ ಮಗೂನ ನೋಡ್ಕೊಳ್ಳೋಕೆ."

ಟೀಚರ್ ಶಾಲೆಗೆ ಹೋಗಲೆಂದು ಇವಳಮ್ಮ ಅವರ ಮಗುವನ್ನು ನೋಡಿಕೊಂಡಳು, ಇವಳಮ್ಮ ಹೋಗಲೆಂದು ಇವಳು ಶಾಲೆ ಬಿಟ್ಟಳು.

ಸಂಜೆ ಮಗಳು ಕೆಳಗೆ ಬಂದಾಗ ವಿಷಯ ಎತ್ತಿದೆ. ಅವಳು ಬಿಳಿಚಿಕೊಂಡಳು. ಈಗ ಹೊಸಬರನ್ನು ಎಲ್ಲಿ ಹುಡುಕಲಿ, ಶಿಶುಕೇಂದ್ರದಲ್ಲಿ ವರ್ಷ ತುಂಬದೆ ಸೇರಿಸಿಕೊಳ್ಳುವುದಿಲ್ಲ, ಕಾರ್ಖಾನೆಯವರಿಗಿಂತ ಹೆಚ್ಚೇ ಕೊಡುತ್ತೇನೆ ಎಂದೆಲ್ಲ ಹೇಳಿದಳು. ಪಾಪ, ಅವಳೂ ಸುಳ್ಳೇನೂ ಹೇಳುತ್ತಿರಲಿಲ್ಲ.

ಸೊಸೆ ಬ್ರೇಕಿನ ಬೆನ್ನು ಸವರುತ್ತಾ ಕೇಳಿದಳು: "ಇವ್ನು ಶಾಲೆಗೆ ಹೋದ ಮೇಲೆ ನಾನೆಲ್ಲಿಗೆ ಹೋಗ್ಲಿ ಅತ್ತಿಗೆ?"

ನಾನು ಎರಡೂ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದೆ. ಮಗಳು ನಕ್ಕುಬಿಟ್ಟಳು. ಅಳಿಯನೂ ನಕ್ಕ. ನನ್ನ ಹೊಸ ತಮಾಷೆ ಎಂದುಕೊಂಡರು. ಇಲ್ಲ, ನಿಜವಾಗಿ ಎಂದೆ. ಇನ್ನೂ ಜೋರಾಗಿ ನಕ್ಕರು. ಜೀವಮಾನವೆಲ್ಲ ತಮಾಷೆ ಮಾಡಿದವನ ಮಾತಿಗೆ ಬೆಲೆ ಬರಬೇಕಾದರೆ ಅವನೇನು ಸಾಯಬೇಕೇ?

ಸೊಸೆ ಮಾತ್ರ ನಗಲಿಲ್ಲ. ಸೋಮವಾರದಿಂದ ಹೇಳಿಕೊಡ್ತೀನಿ ಮಾವ ಎಂದಳು.

ಮಾರ್ಚ್ 25, ಸೋಮವಾರ

ಬಟ್ಟೆ ಕಟ್ಟುವುದಕ್ಕೆ ಬರಲಿಲ್ಲ. ಹಾಲು ಬಿಸಿ ಹೆಚ್ಚಾಯಿತು. ಹಾರನ್‌ನನ್ನು ಎತ್ತಿಕೊಂಡರೆ ಬ್ರೇಕು, ಬ್ರೇಕನ್ನು ಎತ್ತಿಕೊಂಡರೆ ಹಾರನ್. ತೊಟ್ಟಿಲು ಒಂದೇ, ಇಬ್ಬರನ್ನೂ ತಲೆಗೆ ಕಾಲು ಮಾಡಿ ಮಲಗಿಸಬೇಕು. ಮಲಗಿಸಿದೆ. ಒಬ್ಬಳು ಇನ್ನೊಬ್ಬನ ಮೂಗಿಗೆ ಒದ್ದಳು.

ಮಗಳಿಗೆ ಇವತ್ತು ಮನೆಯಿಂದ ಕೆಲಸ, ಮೇಲಿನಿಂದ ಎರಡು ಸಲ ಇಣುಕಿದಳು. ಮೂರನೇ ಸಲ ಬಂದಾಗ ಸೊಸೆಯೇ ತಡೆದು, ಅವರೇ ಮಾಡ್ಲಿ ಬಿಡಿ ಅತ್ತಿಗೆ ಎಂದಳು.

ಸೊಂಟ ಹಿಡಿದಿದೆ. ಎರಡು ತುಂಬಿದ ಬಸ್ಸಿನಲ್ಲಿ ಒಟ್ಟಿಗೆ ಟಿಕೆಟ್ ಹರಿದ ಹಾಗೆ.

ಮಾರ್ಚ್ 27, ಬುಧವಾರ

ಸೊಸೆ ಗೇಟಿಗೆ ಹೋದಳು. ಹತ್ತು ಗಂಟೆಗೆ ವಾಪಸು. ಯಾರೂ ರಜೆ ಹಾಕಿರಲಿಲ್ಲ.

ಮಾರ್ಚ್ 29, ಶುಕ್ರವಾರ

ಹತ್ತಕ್ಕೆ ವಾಪಸು. ಒಬ್ಬಳು ಬಂದಿರಲಿಲ್ಲವಂತೆ, ಇವಳ ಮುಂದೆ ನಿಂತವಳನ್ನು ಕರೆದರಂತೆ. ಆರು ಗಂಟೆಯ ಮೊದಲೇ ಹೋಗಿ ನಿಂತರೆ ಮುಂದೆ ಸಿಗಬಹುದು ಎಂದಳು. ಹೋಗು ಎಂದೆ.

ಇವತ್ತು ಮಗಳಿಗೆ ಮನೆಯಿಂದ ಕೆಲಸದ ದಿನ. ನನ್ನ ಸೊಂಟ ನೋಡಿ, ಹಾರನ್‌ನನ್ನೂ ಮೇಲಕ್ಕೆ ಒಯ್ದಳು. ಯಾವುದೋ ಮೀಟಿಂಗಿನ ನಡುವೆ ಹಾರನ್ ಶುರು ಮಾಡಿದಳಂತೆ. ಆಫೀಸಿನವರೆಲ್ಲ ಎಷ್ಟು ಮುದ್ದಾಗಿದೆ ಎಂದು ನಕ್ಕರಂತೆ. ಹೇಳುತ್ತಾ ಹೇಳುತ್ತಾ ಮಗಳು ನಿಲ್ಲಿಸಿಬಿಟ್ಟಳು. ಗೇಟಿಗೆ ಮಕ್ಕಳನ್ನು ತರುವಂತಿಲ್ಲವಾ ಎಂದು ಕೇಳಿದಳು. ತಂದವರನ್ನು ಸಾಲಿಗೇ ಸೇರಿಸುವುದಿಲ್ಲ ಎಂದೆ. ಅವಳಿಗೆ ಅದು ಗೊತ್ತಿರಲಿಲ್ಲ. ನನಗೂ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಏಪ್ರಿಲ್ 3, ಬುಧವಾರ

ವಾಪಸು.

ಬ್ರೇಕಿಗೆ ಜ್ವರ. ಭುಜದ ಮೇಲೆ ಹಾಕಿಕೊಂಡೇ ಓಡಾಡಿದೆ. ಇಳಿಯಿತು.

ಏಪ್ರಿಲ್ 8, ಸೋಮವಾರ

ವಾಪಸು. ಕಾಲು ಊದಿದೆ ಅವಳಿಗೆ. ಬಿಸಿನೀರು ಕಾಯಿಸಿಕೊಟ್ಟೆ. ಇವಳ ಮುಂದೆ ನಿಲ್ಲುವವಳಿಗೆ ಮೂರು ಮಕ್ಕಳಂತೆ, ದೊಡ್ಡವಳೇ ಚಿಕ್ಕವರನ್ನು ನೋಡಿಕೊಳ್ಳುತ್ತಾಳಂತೆ. ದೊಡ್ಡವಳು ಎಷ್ಟು ದೊಡ್ಡವಳು ಎಂದು ಕೇಳಿದೆ. ಸೊಸೆ ಕಾಲನ್ನು ಬಿಸಿನೀರಿಗೆ ಇಳಿಬಿಟ್ಟಳು.

ಹಾಲಿನ ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿಯೇ ಕೊಡುತ್ತೇನೆ. ಗುಳ್ಳೆ ಅಡಗುವವರೆಗೆ ಕಾಯಬೇಕು.

ಏಪ್ರಿಲ್ 16, ಮಂಗಳವಾರ

ಹತ್ತಾಯಿತು, ಸೊಸೆ ಬರಲಿಲ್ಲ. ಹನ್ನೊಂದಾಯಿತು. ದಾರಿಯಲ್ಲಿ ಏನಾದರೂ ಆಯಿತೇ ಎಂದು ಬಾಗಿಲಿಗೂ ತೊಟ್ಟಿಲಿಗೂ ಓಡಾಡಿದೆ. ಹನ್ನೆರಡರ ಹೊತ್ತಿಗೆ ಅರ್ಥವಾಯಿತು. ಒಳಗೆ ಕರೆದಿದ್ದಾರೆ. ಎರಡೂ ಮಕ್ಕಳನ್ನು ಎತ್ತಿಕೊಂಡು ಮಂಚದ ಮೇಲೆ ಕೂತೆ. ನಿಮ್ಮಮ್ಮ ಬಂದಿಲ್ಲ ಕಣೇ, ಬಂದಿಲ್ಲ ಎಂದು ಹಾರನ್‌ಗೆ ಹೇಳಿದೆ. ಅವಳು ಅಳಲಿಲ್ಲ, ನನ್ನ ಕಿವಿ ಹಿಡಿದುಕೊಂಡಳು. ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು ಬರುವಾಗ ಹಣ್ಣು ತರುತ್ತೇನೆ ಎಂದಳು.

ಸಂಜೆ ಸೊಸೆ ಬಂದಳು. ಕಣ್ಣು ಕೆಂಪಾಗಿತ್ತು. ದೀಪ ನೋಡಿ ರೂಢಿ ತಪ್ಪಿದ್ದಕ್ಕೆ ಎಂದುಕೊಂಡೆ. ಮಗುವನ್ನು ಎದೆಗೆ ಹಾಕಿಕೊಂಡು ಗೋಡೆಗೆ ಒರಗಿ ಕೂತಳು. ದಿನಗೂಲಿಯಲ್ಲ, ಪೂರ್ತಿ ಸೀಟೇ ಸಿಕ್ಕಿದೆ ಎಂದಳು. ಹೇಳುವಾಗ ಮುಖದಲ್ಲಿ ಖುಷಿಯಿಲ್ಲ. ಯಾರ ಸೀಟು ಎಂದು ಕೇಳಿದೆ.

ಪಕ್ಕದ ಸೀಟಿನದು, ಅದೇ ಆ ಗೆಳತಿಯದು. ಬೆಳಿಗ್ಗೆ ಟೋಪಿ ಹಾಕಿಕೊಳ್ಳಲು ಕೈ ಎತ್ತಿದಾಗ ಮೇಡಂ ಅವಳ ಹೊಟ್ಟೆ ನೋಡಿದರಂತೆ. ಅಲ್ಲಿಂದಲೇ ಹೊರಗೆ ಕಳಿಸಿದರಂತೆ. ಗೇಟಿನಲ್ಲಿ ಇಬ್ಬರೂ ಎದುರುಬದುರಾದರಂತೆ, ಅವಳು ಹೊರಗೆ, ಇವಳು ಒಳಗೆ. ಅವಳೇ ಇವಳ ಬೆನ್ನು ತಟ್ಟಿ ಹೋಗು ಎಂದಳಂತೆ.

"ಅವ್ಳು ಬರೋವರ್ಗೂ ಈ ಸೀಟು ನಾನು ನೋಡ್ಕೋತೀನಿ ಅಂದೆ ಮಾವ. ಮೇಡಂ ನಕ್ಕರು."

ಆ ಗೆಳತಿಯ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಗಂಡ, ಅವನಿಗೂ ಹಗಲು ಶಿಫ್ಟು. ಬೇರೆ ಯಾರೂ ಇಲ್ಲ.

ಸೊಸೆ ಕೂತಲ್ಲೇ ನಿದ್ದೆಹೋದಳು. ಮಕ್ಕಳೂ ಮಲಗಿದವು. ತೊಟ್ಟಿಲಿನ ಹತ್ತಿರ ಹೋಗಿ ಗೇಣು ಹಾಕಿ ಅಳೆದು ನೋಡಿದೆ. ಪಕ್ಕದ ಸೀಟಿನ ಮಗು ಮೂರನೆಯದು, ಹಿಡಿಸುವುದಿಲ್ಲ. ಮಂಚ ಆಚೆಗೆ ಸರಿಸಿ ನೆಲಕ್ಕೆ ಚಾಪೆ ಹಾಸಬೇಕು.